ಮಾತಿನ ಬಾಲ

ಆ ಊರಿನಲ್ಲಿ ಗಾಳಿ ಮಾತಿನ ಬಾಲ ತಿನ್ನುತ್ತಿತ್ತು.

ತಲೆಯನ್ನು ಮುಟ್ಟುತ್ತಿರಲಿಲ್ಲ, ಬಾಲ ಮಾತ್ರ. ಬಾಯಿಂದ ಹೊರಟ ಮಾತಿನ ಮೊದಲ ತುಂಡು ಎದುರಿಗಿದ್ದವನ ಕಿವಿಗೆ, ಹಿಂದಿನ ತುಂಡು ಗಾಳಿಯ ಪಾಲಿಗೆ. ಉಣ್ಣಲು ಕೂತ ನೆಂಟ ‘ಸಾಕು’ ಅಂದರೆ ಬಡಿಸುವವಳಿಗೆ ‘ಸಾ’ ಅಂತ ಕೇಳುವುದು. ಸಾರು ಕೇಳಿದ ಅಂತ ಅವಳು ಇನ್ನೊಂದು ಸೌಟು ಸುರಿಯುವಳು. ನೋಡಲು ಬಂದವರ ಎದುರು ಹುಡುಗಿ ತಲೆ ತಗ್ಗಿಸಿ ‘ಬೇ’ ಅನ್ನುವಳು. ಬೇಕು ಅಂದಳೋ ಬೇಡ ಅಂದಳೋ, ಓಲಗ ಊದಿಯೇ ಬಿಡುತ್ತಿತ್ತು. ಪೂರ್ತಿ ಮಾತಾಡಬೇಕೆಂದರೆ ಖಾಲಿ ಕೊಡದೊಳಗೆ ಮುಖವಿಟ್ಟು ಆಡಬೇಕು, ಕೇಳುವವನು ಕೊಡದ ಹೊಟ್ಟೆಗೆ ಕಿವಿ ಹಚ್ಚಬೇಕು. ದಿನಕ್ಕೆ ಎಷ್ಟು ಸಲ ಹಾಗೆ ಬಗ್ಗಲಾದೀತು? ಜನ ಅರ್ಧ ಮಾತಿನಲ್ಲೇ ಬದುಕಿದರು, ಅರ್ಧ ಮಾತಿನಲ್ಲೇ ಬೈದಾಡಿದರು, ಮಿಕ್ಕ ಅರ್ಧವನ್ನು ಅವರವರ ಮನಸ್ಸಿಗೆ ತೋಚಿದಂತೆ ಅಂಟಿಸಿಕೊಂಡರು.

ಗಾಳಿ ಬರುತ್ತಿದ್ದುದು ಒಂದೇ ಬಾಯಿಂದ. ಹಲವು ದಿನದ ದಾರಿಯಾಚೆ, ಬೋಳು ಏರಿನ ತುದಿಯಲ್ಲಿ, ಬಂಡೆಯಲ್ಲೊಂದು ಬಿರುಕಿತ್ತು. ವರ್ಷಕ್ಕೊಮ್ಮೆ ಊರಿನ ಸಾಲು ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗಿ ಆ ಬಿರುಕಿಗೆ ಕಂಬಳಿ ತುರುಕಿ ಬರಬೇಕು. ಕಂಬಳಿ ಹರಿಯುವವರೆಗೆ ಊರು ತಣ್ಣಗಿರುವುದು. ಬೀಜ ಬಿತ್ತುವುದು, ಮಾಡು ಹೊದಿಸುವುದು, ಅಂಗಳದಲ್ಲಿ ದೀಪ ಇಡುವುದು ಎಲ್ಲ ಆ ದಿನಗಳಲ್ಲೇ. ತಪ್ಪಾಗಿ ಕೇಳಿದ್ದನ್ನು ತಿದ್ದಿಕೊಳ್ಳುವುದಕ್ಕೂ ಆಗ ಬಿಡುವಿತ್ತು ಅನ್ನಿ. ಅಷ್ಟರಲ್ಲಿ ಸಾರು ಉಂಡಾಗಿರುತ್ತಿತ್ತು, ತಾಳಿ ಬಿದ್ದಾಗಿರುತ್ತಿತ್ತು.

ನಡೆದು ಹೋಗುವವನನ್ನು ಆ ಗಾಳಿ ಎತ್ತಿ ಒಗೆಯುತ್ತಿತ್ತು. ಒಂಟಿ ಸೈಕಲ್ಲನ್ನೂ ಒಗೆಯುತ್ತಿತ್ತು. ಸಾಲು ಮಾತ್ರ ಅದರ ಹೊಟ್ಟೆ ಸೀಳಿಕೊಂಡು ಹೋಗಬಲ್ಲದು. ಎಲ್ಲರಿಗಿಂತ ಮುಂದಿನವನು ಗಾಳಿಗೆ ಎದೆ ಕೊಡುತ್ತಾನೆ. ಅವನ ಬೆನ್ನ ಹಿಂದೆ ಒಂದು ಗೇಣು ಬಿಟ್ಟು ಎರಡನೆಯವನು, ಅವನ ಹಿಂದೆ ಮೂರನೆಯವನು. ಆ ಗೇಣಗಲದ ಜಾಗದಲ್ಲಿ ಗಾಳಿ ಇಲ್ಲ. ಆ ಜಾಗಕ್ಕೆ ಅವರು ‘ಮರೆ’ ಅನ್ನುತ್ತಿದ್ದರು. ಮುಂದಿನವನು ದಣಿದಾಗ ಮೊಣಕೈ ಎತ್ತಿ ಪಕ್ಕಕ್ಕೆ ಸರಿಯುತ್ತಾನೆ, ಸಾಲು ನಿಧಾನ ಮಾಡುತ್ತದೆ, ಅವನು ಜಾರುತ್ತಾ ಜಾರುತ್ತಾ ಬಾಲಕ್ಕೆ ಬಂದು ಕಡೆಯವನ ಮರೆ ಹಿಡಿಯುತ್ತಾನೆ. ಹಿಡಿದ ಅಂತ ಗೊತ್ತಾದ ಕೂಡಲೇ ಕಡೆಯವನು ‘ಹೂಂ’ ಅನ್ನಬೇಕು. ಅಷ್ಟು ಚಿಕ್ಕ ಮಾತಿನಲ್ಲಿ ಗಾಳಿಗೆ ತಿನ್ನಲು ಬಾಲವೇ ಇಲ್ಲ. ‘ಹೂಂ’ ಕೇಳಿದರೆ ಸಾಲು ಮತ್ತೆ ಬಿರುಸಾಗುತ್ತದೆ.

ಸಾಲಿನಲ್ಲಿ ಯಾರೂ ಹಿಂದೆ ತಿರುಗಿ ನೋಡಕೂಡದು. ಕತ್ತು ತಿರುಗಿದರೆ ಹ್ಯಾಂಡಲ್ ತಿರುಗುತ್ತದೆ, ಒಬ್ಬ ಬಿದ್ದರೆ ಎಲ್ಲರೂ ಬಿದ್ದರು. ಹಾಗಾಗಿ ಹಿಂದಿನವನ ಮಾತನ್ನು ಅವನ ಮುಂದಿನವನು ಕೇಳಿಸಿಕೊಂಡು ತನ್ನ ಮುಂದಿನವನಿಗೆ ದಾಟಿಸಬೇಕು. ಮರೆಯೊಳಗೆ ಆಡಿದ ಮಾತನ್ನು ಗಾಳಿ ತಿನ್ನಲಾರದು. ಬಾಯಿಂದ ಬಾಯಿಗೆ ಅದು ಪೂರ್ತಿಯಾಗಿ ತಲೆಯವರೆಗೂ ಹೋಗುತ್ತದೆ. ಮರೆ ತಪ್ಪಿಸಿಕೊಂಡು ಹಿಂದೆ ಬಿದ್ದವನಿಗೆ ಎರಡೇ ಕೂಗು. ಇನ್ನೂ ತುಳಿಯಬಲ್ಲೆ ಅನ್ನುವವನು ‘ಮರೆ ಕೊಡಿ’ ಅಂತ ಕೂಗಬೇಕು. ಸಾಲು ನಿಧಾನಿಸಿ ಅವನನ್ನು ಒಳಗೆ ತೆಗೆದುಕೊಳ್ಳುತ್ತದೆ. ಇನ್ನಾಗದು ಅನ್ನುವವನು ‘ಮರೆತುಬಿಡಿ’ ಅಂತ ಕೂಗಬೇಕು. ತಲೆಯಲ್ಲಿದ್ದವನು ಒಂದು ಸಲ ಬೆಲ್ ಹೊಡೆಯುತ್ತಾನೆ, ಸಾಲು ಮುಂದಕ್ಕೆ ಹೋಗುತ್ತದೆ. ಹಿಂದೆ ಬಿದ್ದವನನ್ನು ಗಾಳಿ ಎತ್ತ ಒಯ್ಯುತ್ತದೋ ಯಾರೂ ಕಂಡವರಿಲ್ಲ. ಊರಿಗೆ ಮರಳಿದ ಮೇಲೆ ಅವನ ಮನೆಯ ಕೊಡ ಒಡೆದು ಅವನ ಹೆಸರು ಮುಚ್ಚುತ್ತಾರೆ. ಆಮೇಲೆ ಆ ಹೆಸರು ಹಿಡಿದು ಯಾರೂ ಕರೆಯುವಂತಿಲ್ಲ, ಅವನಿಗಾಗಿ ಅಳುವಂತಿಲ್ಲ. ಅತ್ತರೆ ಯಾರಿಗಾಗಿ ಅಂತ ಕೇಳುತ್ತಾರೆ.

ಆ ಊರಲ್ಲಿ ‘ಉಳಿದವನು’ ಅನ್ನಿಸಿಕೊಂಡವನೊಬ್ಬನಿದ್ದ. ಇಬ್ಬರು ಅಣ್ಣತಮ್ಮಂದಿರಲ್ಲಿ ಉಳಿದವನು. ಅಣ್ಣ ಒಂದು ವರ್ಷ ಸಾಲಿನಲ್ಲಿ ಹೋಗಿದ್ದ, ಬೋಳು ಏರಿನಲ್ಲಿ ಹಿಂದೆ ಬಿದ್ದಿದ್ದ. ಅವನ ಮುಂದಿದ್ದವನು, ‘ಮರೆತುಬಿಡಿ ಅಂದ’ ಅಂತ ಮಾತು ದಾಟಿಸಿದ್ದ. ಬೆಲ್ ಹೊಡೆದಿತ್ತು. ಸಾಲು ಹೋಗಿತ್ತು. ಮಾತು ದಾಟಿಸಿದವನೇ ಈಗ ಊರಿನ ಮುಂದಾಳು.

ತಾಯಿ ಒಡೆದ ಕೊಡದ ಬದಲು ಕದ್ದು ಇನ್ನೊಂದು ಕೊಡ ತಂದಿಟ್ಟುಕೊಂಡಳು. ದಿನಾ ಸಂಜೆ ಅದರೊಳಗೆ ಮುಖವಿಟ್ಟು ಹಿರಿಮಗನ ಹೆಸರನ್ನು ಪೂರ್ತಿಯಾಗಿ ಕರೆಯುವಳು. ಆಮೇಲೆ ಕಿರಿಯವನ ಕತ್ತು ಬಗ್ಗಿಸಿ ಕಿವಿಯನ್ನು ಕೊಡಕ್ಕೆ ಹಚ್ಚಿಸಿ ಹೇಳುವಳು: “ನಿಮ್ಮಣ್ಣ ಬಿಟ್ಟುಕೊಡೋ ಪೈಕಿ ಅಲ್ಲ ಕಣೋ. ಮರೆ ಕೊಡಿ ಅಂತಾನೇ ಕೂಗಿರ್ತಾನೆ. ಆ ಪಾಪಿ ಬೇಕಂತಲೇ ಬೇರೆ ಬಾಲ ಅಂಟಿಸಿದ.” ಕೊಡದೊಳಗೆ ಆಡಿದ ಮಾತು ದೊಡ್ಡದಾಗಿ ಕೇಳುತ್ತದೆ. ಒಂದು ಸಂಜೆ ಅವಳು ಕೊಡದಿಂದ ಮುಖ ಎತ್ತಲೇ ಇಲ್ಲ. ಹಾಗೆಯೇ ತೀರಿಕೊಂಡಿದ್ದಳು.

ಅವತ್ತಿನಿಂದ ಉಳಿದವನಿಗೆ ಒಂದೇ ಆಸೆ. ಮುಂದಾಳು ಹಿಂದೆ ಬೀಳಬೇಕು, ಮರೆ ಬೇಡಬೇಕು. ಆ ಬೇಡಿಕೆ ತನ್ನ ಕಿವಿಗೇ ಬೀಳಬೇಕು, ಅಲ್ಲಿಗೇ ಸಾಯಬೇಕು. ಅದಕ್ಕಾಗಿ ಅವನು ಮನೆಯೊಳಗೆ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಬೆವರು ನೆಲಕ್ಕಿಳಿಯುವವರೆಗೆ ತುಳಿದ. ಚೈನಿಗೆ ಎಣ್ಣೆ ಬಿಟ್ಟಂತೆ ಸೇಡಿಗೂ ಎಣ್ಣೆ ಬಿಟ್ಟ. ಎರಡಕ್ಕೂ ತುಕ್ಕು ಹತ್ತಲಿಲ್ಲ.

ಕಡೆಗೊಂದು ವರ್ಷ ಸಾಲಿಗೆ ಕರೆ ಬಂತು. ಕರೆ ಬಂದವನು ಒಲ್ಲೆ ಅನ್ನುವಂತಿಲ್ಲ. ಯಾರ ಬೆನ್ನಿಗೆ ಯಾರು ಅಂತ ಹೇಳುವುದು ಮುಂದಾಳು, ಅದನ್ನು ಯಾರೂ ಬದಲಿಸುವಂತಿಲ್ಲ.

ಹೊರಡುವ ಬೆಳಗ್ಗೆ ಮನೆಮನೆಯವರು ಬಂದು ಪ್ರತಿಯೊಂದು ಚೈನಿಗೂ ಎಣ್ಣೆ ಬಿಟ್ಟರು. ಹ್ಯಾಂಡಲ್ಲುಗಳಿಗೆ ಬೂದಿ ಸವರಿದರು. ಮನೆಗೊಂದು ಎಳೆಯಂತೆ ಉಣ್ಣೆ ಕೊಟ್ಟು ನೇಯಿಸಿದ ಕಂಬಳಿಯನ್ನು ಮುಂದಾಳಿನ ಮಗಳು ತನ್ನ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದುಕೊಂಡಳು. ಗಾಳಿ ಕಡಿಯದಂತೆ ಕೂದಲನ್ನು ಬಿಗಿಯಾಗಿ ಕಟ್ಟಿದ, ಮಾತು ಕಮ್ಮಿಯ ಹೆಣ್ಣು.

ಮುಂದಾಳು ಒಬ್ಬೊಬ್ಬರ ಭುಜ ಹಿಡಿದು ಜಾಗ ತೋರಿಸಿದ. ಮೊದಲು ತಾನು, ತನ್ನ ಬೆನ್ನಿಗೆ ಮಗಳು, ಅವಳ ಬೆನ್ನಿಗೆ ಇನ್ನೂ ಕೆಲವರು. ಆಮೇಲೆ ಅಗಲಬೆನ್ನಿನವನು. ಅವನೊಬ್ಬ ಸಾಲಿನಲ್ಲಿದ್ದರೆ ಎಲ್ಲರಿಗೂ ಹಬ್ಬ. ಅಷ್ಟು ದೊಡ್ಡ ಮರೆ ಇನ್ನೊಬ್ಬನಲ್ಲಿ ಇರಲಿಲ್ಲ. ಅಗಲಬೆನ್ನಿನವನ ಹಿಂದೆ, ಕಟ್ಟಕಡೆಗೆ, ಉಳಿದವನನ್ನು ನಿಲ್ಲಿಸಿದ.

ಅಂದರೆ ಮುಂದಾಳು ದಣಿದು ಜಾರಿ ಬಂದಾಗಲೆಲ್ಲ ಹಿಡಿಯಬೇಕಾದದ್ದು ಉಳಿದವನ ಮರೆಯನ್ನೇ. ಕೂಗಿದರೆ ಮಾತು ದಾಟಿಸಬೇಕಾದವನೂ ಉಳಿದವನೇ.

ಸಂತೆಯಷ್ಟು ಜನ ಅದನ್ನು ನೋಡಿ ಬಾಯಿಗೆ ಕೈ ಹಚ್ಚಿದರು. ಉಳಿದವನು ಮಾತ್ರ, ಎಂಥ ಸೊಕ್ಕು ಈ ಮುದುಕನಿಗೆ, ತನ್ನನ್ನು ಯಾರೂ ಏನೂ ಮಾಡಲಾರರು ಅಂತ, ಅಂದುಕೊಂಡ.

ಸಾಲು ಹೊರಟಿತು. ಹಗಲು ತುಳಿದರು. ಮುಂದಿನವನು ಮೊಣಕೈ ಎತ್ತಿದ, ಜಾರಿದ, ಬಾಲಕ್ಕೆ ಬಂದ, ಹೂಂ. ಇನ್ನೊಬ್ಬ ಎತ್ತಿದ, ಜಾರಿದ, ಬಂದ, ಹೂಂ. ಸಂಜೆಯಾದರೆ ದಾರಿಯ ಯಾವುದಾದರೊಂದು ಬಂಡೆಯ ಬುಡದಲ್ಲಿ ಸೈಕಲ್ಲುಗಳನ್ನು ನೆಲಕ್ಕೆ ಮಲಗಿಸುವರು. ಮಲಗಿದ ಸೈಕಲ್ಲುಗಳ ಚಕ್ರ ಗಾಳಿಗೆ ತಾವಾಗಿ ತಿರುಗುವುವು. ಅವುಗಳ ಗುಂಯ್‌ಗುಡುವ ಸದ್ದಿನಲ್ಲಿ ಒಂದೇ ಕೊಡದಿಂದ ಅಂಬಲಿ ಕುಡಿಯುವರು. ಬೆಳಗಾದರೆ ಮತ್ತೆ ಎತ್ತಿದ, ಜಾರಿದ, ಬಂದ, ಹೂಂ.

“ಊರಿಗೆ ಗೋಡೆ ಸಾಲ್ದು ಅಂತ ನಮ್ಮವ್ವ ನನ್ನ ಹೆತ್ತಳು ಕಣೋ,” ಅಂತ ಅಗಲಬೆನ್ನಿನವನು ಮರೆಯೊಳಗಿನಿಂದ ಉಳಿದವನಿಗೆ ಹೇಳುವನು. “ಹಿಂದೆ ಸುಖವಾಗಿದೀಯ?”

“ಸುಖವಾಗಿದೀನಿ.”

“ಇರು ಇರು. ನಾನು ಮಾತ್ರ ಯಾವನ ಹಿಂದೆ ಹೋದ್ರೂ ಅರ್ಧ ಮೈ ಬಿಸಿಲಲ್ಲಿ, ಅರ್ಧ ಮೈ ಗಾಳೀಲಿ. ನನ್ನಂಥೋನಿಗೆ ಮರೆ ಆಗೋನು ಹುಟ್ಟಿಲ್ಲ.” ಸ್ವಲ್ಪ ತುಳಿದು ಮತ್ತೆ: “ಒಂದು ಕೇಳ್ಲಾ? ಮುದುಕ ನಿನ್ನ ಬೆನ್ನೇ ಯಾಕೆ ಆರಿಸ್ಕೊಂಡ?”

“ನಿನ್ನ ಬೆನ್ನು ನೋಡಿ ಸಾಕಾಗಿರ್ಬೇಕು.”

ಅಗಲಬೆನ್ನು ನಗುವಿಗೆ ಕುಲುಕಿತು. ಉಳಿದವನು ನಗಲಿಲ್ಲ. ಅವನ ಹಿಂದೆ ಮುಂದಾಳಿನ ಹಳೇ ಚೈನು ಕಿರ್‌ ಕಿರ್‌ ಅನ್ನುತ್ತಿತ್ತು. ಈಗ ಮರೆ ಬಿಡಿಸಿದರೆ? ಅಂತ ಕಾಲು ಕೇಳುತ್ತಿತ್ತು. ತಡಿ, ಬಯಲಲ್ಲಿ ಬಿಟ್ಟರೆ ಎದ್ದು ಬರುತ್ತಾನೆ, ಏರು ಬರಲಿ, ಅಂತ ಅವನು ಕಾಲಿಗೆ ಸಮಾಧಾನ ಹೇಳುತ್ತಿದ್ದ.

ಏರು ಎದುರಿಗೆ ಕಂಡ ಸಂಜೆ ಮುಂದಾಳು ಅಂಬಲಿಯ ಖಾಲಿ ಕೊಡ ಹೊತ್ತುಕೊಂಡು ಉಳಿದವನ ಹತ್ತಿರ ಬಂದು ಕೂತ. ಕೊಡ ಇಬ್ಬರ ನಡುವೆ ಅತ್ತಿತ್ತ ಹೊರಳಿತು. ಒಬ್ಬ ಬಾಯಿಟ್ಟಾಗ ಇನ್ನೊಬ್ಬ ಕಿವಿಯಿಟ್ಟ.

“ಹೊರಟಾಗಿನಿಂದ ಏನೋ ನುಂಗ್ಕೊಂಡು ತುಳೀತಿದೀಯ. ಕೇಳು ತಮ್ಮಾ.”

“ನಮ್ಮಣ್ಣ ಏನಂತ ಕೂಗಿದ?”

“ಮರೆ.”

“ಆಮೇಲೆ?”

“ಆಮೇಲೆ ಗಾಳಿ.”

“ಮತ್ತೆ ನೀವು ಮುಂದಕ್ಕೆ ಪೂರ್ತಿ ಮಾತು ದಾಟಿಸಿದ್ರಲ್ಲ?”

“ಅರ್ಧ ಮಾತು ದಾಟಿಸೋಕೆ ಬರಲ್ಲ. ಯಾವುದೋ ಒಂದು ಬಾಲ ಅಂಟಿಸ್ಲೇಬೇಕು. ಆ ದನೀಲಿ ದಣಿವಿತ್ತು, ದಿಗಿಲಿರ್ಲಿಲ್ಲ. ಬೇಡೋನ ದನಿ ಬೇರೆ, ಬಿಡೋನ ದನಿ ಬೇರೆ. ನನಗೆ ಹಾಗೆ ಕೇಳ್ತು.”

“ತಪ್ಪು ಕೇಳಿದ್ರೆ?”

ಮುಂದಾಳು ಕೊಡವನ್ನು ತನ್ನ ಕಡೆ ಹೊರಳಿಸಿಕೊಂಡು ಮುಖವಿಟ್ಟ. “ಅದಕ್ಕೇ ನಿನ್ನ ಹಿಂದೆ ಬಂದಿದೀನಿ,” ಅಂದ. “ನನ್ನನ್ನ ಏನು ಬೇಕಾದ್ರೂ ಅಂದ್ಕೋ. ಸಾಲು ಮಾತ್ರ ಕೆಡಿಸ್ಬೇಡ.”

ಬೇರೆ ಯಾರಾಗಿದ್ದರೂ ಆ ಮಾತಿಗೆ ಕರಗುತ್ತಿದ್ದರೋ ಏನೋ. ಉಳಿದವನ ಕಿವಿಯಲ್ಲಿ ನಿಂತದ್ದು ಒಂದೇ ಮಾತು: ಯಾವುದೋ ಒಂದು ಬಾಲ ಅಂಟಿಸಲೇಬೇಕು. ಅಂಟಿಸಿದ್ದನ್ನು ಮುದುಕ ತನ್ನ ಬಾಯಿಂದಲೇ ಒಪ್ಪಿಕೊಂಡ. ಸರಿ, ಬಾಲ ಅಂಟಿಸುವುದು ನನಗೂ ಬರುತ್ತದೆ, ಅಂದುಕೊಂಡು ಅವನು ಆವತ್ತು ಮಗುವಿನಂತೆ ನಿದ್ದೆ ಹೋದ.

ಬೋಳು ಏರಿನಲ್ಲಿ ಒಂದು ಕಡ್ಡಿ ಹುಲ್ಲಿಲ್ಲ. ಹುಟ್ಟಿದ ಹುಲ್ಲನ್ನೆಲ್ಲ ಗಾಳಿ ಕಿತ್ತು ತಿಂದಿತ್ತು. ಮುಂದಾಳು ತಲೆಯಲ್ಲಿದ್ದ. ಆ ಏರನ್ನು ಅವನೇ ಬಹುಪಾಲು ಎಳೆದ. ತನ್ನ ಸರದಿ ಮುಗಿದರೂ ಎಳೆದ, ಮಗಳು ಹಿಂದಿನಿಂದ ‘ಸಾಕಪ್ಪಾ, ಸಾಕು’ ಅಂದರೂ ಎಳೆದ. ಅವಳು ಅಂದದ್ದು ಬಾಯಿಂದ ಬಾಯಿಗೆ ದಾಟಿ ಉಳಿದವನವರೆಗೂ ಬಂತು. ಕಡೆಗೆ ಮುಂದಾಳಿನ ಮೊಣಕೈ ಮೇಲೆದ್ದಿತು. ಸಾಲು ನಿಧಾನಿಸಿತು. ಮುಂದಾಳು ಜಾರುತ್ತಾ ಬಂದ. ಅವನು ಪಕ್ಕದಿಂದ ಹಾದುಹೋಗುವಾಗ ಉಳಿದವನಿಗೆ ಮುಖ ಕಂಡಿತು. ತುಟಿ ಒಡೆದಿತ್ತು, ಕಣ್ಣಲ್ಲಿ ಮಣ್ಣು ಕೂತಿತ್ತು. ಮುಂದಾಳು ಅವನನ್ನು ನೋಡಿ ತಲೆಯಾಡಿಸಿದ, ಗೊತ್ತಿರುವ ಮನೆಯ ಬಾಗಿಲಿಗೆ ಬಂದವನ ಹಾಗೆ.

ಆಮೇಲೆ ಅವನು ಹಿಂದಕ್ಕೆ ಹೋದ. ಕಣ್ಣಿಂದ ಮರೆಯಾದ. ಕಿರ್‌ ಕಿರ್‌ ಸದ್ದು ಮಾತ್ರ ಉಳಿಯಿತು. ಅದು ಇನ್ನೂ ಹತ್ತಿರ ಬಂದಿರಲಿಲ್ಲ. ಒಂದು ಮಾರು ದೂರವಿತ್ತು, ಬರಲು ಹೆಣಗುತ್ತಿತ್ತು.

ಉಳಿದವನು “ಹೂಂ” ಅಂದ.

ಸಾಲು ಬಿರುಸಾಯಿತು. ಕಿರ್‌ ಕಿರ್‌ ಸದ್ದು ಒಂದು ಮಾರಿನಿಂದ ಎರಡು ಮಾರಾಯಿತು, ಗಾಳಿಯ ಭೋರ್ಗರೆತದಲ್ಲಿ ತೆಳ್ಳಗಾಯಿತು. ಆಗ ಹಿಂದಿನಿಂದ ಕೂಗು ಬಂತು.

“ಮರೆ…”

ಅಷ್ಟೇ. ಮಿಕ್ಕಿದ್ದನ್ನು ಗಾಳಿ ಕಚ್ಚಿಕೊಂಡು ಹೋಯಿತು. ಇಷ್ಟು ವರ್ಷ ಉಳಿದವನು ಹಲ್ಲು ಕಚ್ಚಿ ಕಾದದ್ದು ಈ ಒಂದು ಮಾತಿಗೆ. ಅದರ ಬಾಲ ಏನಿತ್ತು ಅಂತ ಅವನು ಯೋಚಿಸಲೂ ಇಲ್ಲ. ಇದ್ದರೆಷ್ಟು, ಬಿಟ್ಟರೆಷ್ಟು.

“ಏನಂದ್ರೋ?” ಅಂತ ಅಗಲಬೆನ್ನಿನವನು ಕೇಳಿದ.

“ಮರೆತುಬಿಡಿ ಅಂದ್ರು.”

ಆ ದೊಡ್ಡ ಬೆನ್ನು ಬಿಗಿಯಿತು. “ಸರಿಯಾಗಿ ಕೇಳಿಸ್ಕೊಂಡ್ಯಾ?”

“ಪೂರ್ತಿ ಕೇಳ್ತು.”

ಮಾತು ಮುಂದಕ್ಕೆ ಹೋಯಿತು. ‘ಮರೆತುಬಿಡಿ ಅಂದ್ರಂತೆ.’ ‘ಮರೆತುಬಿಡಿ ಅಂದ್ರಂತೆ.’ ಈಗ ತಲೆಯಲ್ಲಿದ್ದವಳು ಮಗಳು. ಮಾತು ಅವಳ ಬೆನ್ನು ಮುಟ್ಟಿದಾಗ ಅವಳ ಕಾಲು ಒಂದು ಸುತ್ತು ತಪ್ಪಿತೇನೋ, ಇಡೀ ಸಾಲು ಒಮ್ಮೆ ತೂಗಾಡಿತು. ಆಮೇಲೆ ಬೆಲ್ ಒಂದು ಸಲ ಹೊಡೆಯಿತು.

ಹಿಂದಿನಿಂದ ಮತ್ತೆ ದಾರದಷ್ಟು ಸಣ್ಣಗೆ, “ಮರೆ…”

“ಮತ್ತೆ ಕೂಗಿದ ಹಾಗಾಯ್ತಲ್ಲೋ?”

“ಗಾಳಿ,” ಅಂದ ಉಳಿದವನು. ಕಾದ ಗಂಟಲಲ್ಲಿ ತಣ್ಣನೆ ಮಜ್ಜಿಗೆ ಇಳಿದಂತಾಯಿತು ಅವನಿಗೆ. ಏರಿನ ಉಳಿದ ದಾರಿ ಇಳಿಜಾರಿನಂತೆ ಸಾಗಿತು. ಅವ್ವಾ, ಕೇಳಿದೆಯಾ, ಬೆಲ್ ಹೊಡೆಯಿತು, ಅಂತ ಪೆಡಲಿಗೊಂದು ಸಲ ಹೇಳಿಕೊಂಡು ತುಳಿದ.

ಗಾಳಿಯ ಬಾಯಿ ಮುದುಕಿಯ ಬೊಚ್ಚುಬಾಯಿಯ ಹಾಗಿತ್ತು. ಎಲ್ಲರೂ ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿ ಹೋಗಿ, ಕಂಬಳಿಯನ್ನು ಮಡಿಕೆ ಮಡಿಕೆಯಾಗಿ ಒಳಗೆ ತುರುಕಿದರು. ಕೊನೆಯ ಅಂಚನ್ನು ಯಾರು ತುರುಕುತ್ತಾರೋ ಅವರೇ ಇನ್ನು ಮುಂದೆ ಮುಂದಾಳು. ಮಗಳು ತುರುಕಿದಳು. ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಗಾಳಿ ನಿಂತಿತು. ನೆಲದ ಮೇಲೆ ಮಲಗಿದ್ದ ಸೈಕಲ್ಲುಗಳ ಚಕ್ರಗಳು ಒಂದೊಂದಾಗಿ ನಿಧಾನಿಸಿದವು, ನಿಂತವು.

ಬೇರೆ ವರ್ಷಗಳಲ್ಲಿ ಬಾಯಿ ಮುಚ್ಚಿದ ಕೂಡಲೇ ಸಾಲು ಊರಿನ ಕಡೆ ತಿರುಗಿಬಿಡುತ್ತಿತ್ತು. ತಣ್ಣನೆಯ ದಿನಗಳನ್ನು ದಾರಿಯಲ್ಲಿ ಕಳೆಯಲು ಯಾರಿಗೂ ಮನಸ್ಸಿರುತ್ತಿರಲಿಲ್ಲ. ಈ ಸಲ ಮಗಳು ಬಂಡೆಗೆ ಒರಗಿ ಕೂತಳು. “ಸ್ವಲ್ಪ ಹೊತ್ತು,” ಅಂದಳು. ಅಪ್ಪನನ್ನು ಕಳಕೊಂಡವಳಿಗೆ ಏಳು ಅನ್ನುವವರು ಯಾರು? ಎಲ್ಲರೂ ಕೂತರು. ಆ ಬಂಡೆಯ ಹತ್ತಿರ ಮನುಷ್ಯರು ಸುಮ್ಮನೆ ಕೂತದ್ದು ಅದೇ ಮೊದಲು.

ಆಗ ಬಂಡೆಯ ಸಂದುಗೊಂದುಗಳಿಂದ ಸದ್ದು ಬರತೊಡಗಿತು. ಮೊದಲು ಇಲಿ ಓಡಾಡಿದಂತೆ. ಆಮೇಲೆ ಹಪ್ಪಳ ಮುರಿದಂತೆ. ಕಿವಿಗೊಟ್ಟು ಕೇಳಿದರೆ ಮನುಷ್ಯರ ದನಿ.

“…ಕು. …ಕು. …ಡ. …ಡ.”

ಗಾಳಿ ತಿಂದ ಬಾಲಗಳು. ತಿಂದದ್ದನ್ನು ಅದು ಅರಗಿಸಿಕೊಂಡಿರಲೇ ಇಲ್ಲ. ಇವತ್ತಿನದು, ಹೋದ ವರ್ಷದ್ದು, ಅಜ್ಜಂದಿರ ಕಾಲದ್ದು, ಯಾವುದಕ್ಕೂ ಹಿಂದು ಮುಂದಿಲ್ಲದೆ ಒಂದರ ಮೇಲೊಂದು ಉದುರುತ್ತಿದ್ದವು. ಸಾಕುಗಳ ಬಾಲ, ಬೇಡಗಳ ಬಾಲ. ಅಗಲಬೆನ್ನಿನವನು ಒಂದು “…ಡ” ಕೇಳಿ ತಟ್ಟನೆ ತಲೆಯೆತ್ತಿದ. “ಅದು ನಮ್ಮವಳ ದನಿ,” ಅಂದ. “ನೋಡೋಕೆ ಹೋದ ದಿನದ್ದು.” ಆಮೇಲೆ ಎರಡು ಕೈಯಿಂದ ಮುಖ ಮುಚ್ಚಿಕೊಂಡ. “ಇಷ್ಟು ವರ್ಷ ಹೇಗೆ ಬಾಳಿದಳೋ ಪಾಪ, ಬಿಡು.”

ಅವನು ಕೈ ತೆಗೆಯುವ ಮುಂಚೆ ಇನ್ನೊಂದು ಬಾಲ ಬಿತ್ತು. ಇನ್ನೂ ಬಿಸಿಯಾಗಿತ್ತು.

“…ಕೊಡೋ ತಮ್ಮಾ.”

ಮತ್ತೆ, ದಾರದಷ್ಟು ಸಣ್ಣಗೆ: “…ಕೊಡೋ ತಮ್ಮಾ.”

ಯಾರ ದನಿ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಮಗಳು ಎದ್ದು ನಿಂತಳು. ಅಗಲಬೆನ್ನಿನವನು ಉಳಿದವನ ಕಡೆ ಪೂರ್ತಿ ಮೈ ತಿರುಗಿಸಿದ. “ಪೂರ್ತಿ ಕೇಳ್ತು ಅಂದ್ಯಲ್ಲೋ,” ಅಂದ. “ಗಾಳಿ ಅಂದ್ಯಲ್ಲೋ. ನನ್ನ ಬಾಯಲ್ಲಿ ದಾಟಿಸಿಬಿಟ್ಯಲ್ಲೋ ಹಾಳಾದೋನೇ!”

ಉಳಿದವನು ಹೆದರಲಿಲ್ಲ. ಬೇಡಿದ, ಮುದುಕ ಬೇಡಿದ, ನಾನು ಕೊಡಲಿಲ್ಲ, ಅಂತ ಕೂಗಿ ಹೇಳಬೇಕೆಂದು ಬಾಯಿ ತೆರೆದ. ಇದಕ್ಕೇ ತಾನೆ ಬಂದದ್ದು. ಅಷ್ಟರಲ್ಲಿ ಬಂಡೆಯ ಆಳದಿಂದ ಧೂಳು ಹಿಡಿದ ಹಳೆಯ ಬಾಲವೊಂದು ಹೊರಳಿ ಬಂತು. ದಣಿದ ದನಿ. ದಿಗಿಲಿಲ್ಲದ ದನಿ.

“…ತುಬಿಡಿ.”

ಬೇರೆಯವರಿಗೆ ಅದು ಯಾರದ್ದೋ. ಅವನಿಗೆ ತನ್ನ ಅಣ್ಣನದು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವನ ದನಿ ತಪ್ಪುವುದುಂಟೆ? ಅಣ್ಣ ಬಿಟ್ಟುಕೊಟ್ಟಿದ್ದ. ಅಣ್ಣ ಸಾಲನ್ನು ಮುಂದೆ ಕಳಿಸಿದ್ದ. ಮುಂದಾಳು ಅಂಟಿಸಿದ ಬಾಲ ಅಣ್ಣ ಕೂಗಿದ ಬಾಲವೇ ಆಗಿತ್ತು.

ತೆರೆದ ಬಾಯಿ ಹಾಗೇ ಇತ್ತು. ಅದರಿಂದ ಅಣ್ಣನ ಹೆಸರು ಹೊರಬಿತ್ತು, ಮುಚ್ಚಿದ ಹೆಸರು, ಪೂರ್ತಿಯಾಗಿ. ತಡೆಯಲು ಗಾಳಿ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

“ಇವನನ್ನ ಇಲ್ಲೇ ಬಿಟ್ಟು ಹೋಗೋಣ,” ಅಂದ ಅಗಲಬೆನ್ನಿನವನು.

“ಬೇಡ,” ಅಂದಳು ಮಗಳು. ಆ ಮಾತು ಇಡಿಯಾಗಿ, ಕಡೆಯ ಅಕ್ಷರದವರೆಗೂ ಎಲ್ಲರಿಗೂ ಕೇಳಿತು. “ಬಿಟ್ಟು ಹೋಗೋದು ಯಾಕೆ? ಗಾಳಿ ಇಲ್ಲದ ದಾರೀಲಿ ನಡ್ಕೊಂಡೇ ಊರು ಸೇರ್ತಾನೆ. ಸೈಕಲ್ ಎತ್ತಿ ಎಲ್ಲಾರೂ.”

ಅವಳು ಉಳಿದವನ ಸೈಕಲ್ಲನ್ನು ತಾನೇ ಎತ್ತಿ ನಿಲ್ಲಿಸಿ, ಹ್ಯಾಂಡಲಿನ ಧೂಳನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು. ದನಿ ಏರಲಿಲ್ಲ.

“ನೋಡಣ್ಣಾ, ಈ ಕಂಬಳಿ ಹರಿಯುತ್ತೆ. ಗಾಳಿ ಬರುತ್ತೆ. ಮತ್ತೆ ಸಾಲು ಹೊರಡುತ್ತೆ. ಜಾಗ ಹೇಳೋಳು ಈಗ ನಾನು. ಕಡೇ ಜಾಗ ನಿಂದು, ಅದರ ಮುಂದಿನ ಜಾಗ ನಂದು. ಈ ಏರಲ್ಲಿ ನಿನಗೆ ಏನು ಬೇಕೋ ಕೂಗು. ಏನು ಕೂಗಿದೆ ಅಂತ ನಾನು ಹೇಳ್ತೀನಿ.”

“ಈಗ್ಲೇ ಏನಾದ್ರೂ ಮಾಡಿಬಿಡು ತಾಯೀ,” ಅಂದ ಅವನು.

“ಈಗೆಲ್ಲಿದೆ ಗಾಳಿ?” ಅಂದಳು. “ಹತ್ತು. ಮುಂದೆ ನಡಿ.”

ಹತ್ತಿದ. ಸಾಲು ಇಳಿಯತೊಡಗಿತು. ಎಲೆ ಅಲುಗದಷ್ಟು ನಿಶ್ಚಲವಾಗಿತ್ತು. ಯಾರು ಬೇಕಾದರೂ ಒಂಟಿಯಾಗಿ, ಎಷ್ಟು ದೂರ ಬೇಕಾದರೂ ಹೋಗಬಹುದಾಗಿತ್ತು. ಯಾರಿಗೂ ಯಾರ ಮರೆಯೂ ಬೇಕಾಗಿರಲಿಲ್ಲ. ಆದರೂ ಅವಳ ಮುಂದಿನ ಚಕ್ರ ಅವನ ಹಿಂದಿನ ಚಕ್ರಕ್ಕೆ ಒಂದು ಗೇಣು ಬಿಟ್ಟು, ಅವನು ನಿಧಾನಿಸಿದರೆ ನಿಧಾನಿಸಿ, ಬಿರುಸಾದರೆ ಬಿರುಸಾಗಿ, ಬರುತ್ತಲೇ ಇತ್ತು.